ಕುರಿಯ ಹೊಟ್ಟೆಯ ಹುಳು: ಮೂರು ಪ್ರಶ್ನೆಗಳ ಚರಿತ್ರೆ

ತೋಳ ಒಂದು ಕುರಿಯನ್ನು ಹೊತ್ತೊಯ್ದರೆ ಊರೆಲ್ಲ ಸುದ್ದಿಯಾಗುತ್ತದೆ. ಆದರೆ ಕುರಿಯ ಹೊಟ್ಟೆಯೊಳಗೇ ಕುಳಿತು ಅದನ್ನು ದಿನವೂ ಇಷ್ಟಿಷ್ಟೇ ತಿನ್ನುವ ಶತ್ರು ಯಾರ ಕಣ್ಣಿಗೂ ಬೀಳುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಒಂದು ಕೋಟಿ ಹತ್ತು ಲಕ್ಷದಷ್ಟಿತ್ತು. ಮಗಳ ಕಾಲೇಜು ಶುಲ್ಕಕ್ಕೆ, ಅಜ್ಜನ ಆಸ್ಪತ್ರೆ ಖರ್ಚಿಗೆ ಕುರಿಯನ್ನೇ ಮಾರುವ ಮನೆಗಳು ನಮ್ಮಲ್ಲಿ ಅಸಂಖ್ಯ. ಅಂಥ ಮನೆಯಲ್ಲಿ ಕುರಿಯ ಹೊಟ್ಟೆಯ ಹುಳು ತಿನ್ನುವುದು ಕುರಿಯನ್ನು ಮಾತ್ರವಲ್ಲ.

ಈ ಹುಳುವಿನೊಡನೆ ಮನುಷ್ಯ ನಡೆಸಿದ ಹೋರಾಟದ ಚರಿತ್ರೆಯನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಹುಳು ಎಲ್ಲಿಂದ ಬರುತ್ತದೆ? ಅದಕ್ಕೆ ಮದ್ದು ಯಾವುದು? ಆ ಮದ್ದನ್ನು ಯಾವ ಕುರಿಗೆ ಕೊಡಬೇಕು? ಮೊದಲ ಪ್ರಶ್ನೆಗೆ ಉತ್ತರ ದೊರೆಯಲು ಐನೂರು ವರ್ಷ ಹಿಡಿಯಿತು. ಮೂರನೆಯದನ್ನು ಗಂಭೀರವಾಗಿ ಕೇಳಲು ಮತ್ತೆ ನೂರು ವರ್ಷ ಬೇಕಾಯಿತು.

ಎಲ್ಲಿಂದ ಬಂತು?

1379ರಲ್ಲಿ ಫ್ರಾನ್ಸಿನ ಜಾನ್ ದ ಬ್ರೀ ಎಂಬ ಕುರಿಗಾಹಿ ತನ್ನ ದೊರೆ ಐದನೆಯ ಚಾರ್ಲ್ಸ್‌ನಿಗಾಗಿ ಕುರಿಸಾಕಣೆಯ ಗ್ರಂಥವೊಂದನ್ನು ರಚಿಸಿದ. ಕುರಿಯ ಪಿತ್ತಜನಕಾಂಗದಲ್ಲಿ ಎಲೆಯಂತೆ ಚಪ್ಪಟೆಯಾದ ಹುಳುಗಳಿರುವುದನ್ನು ಅವನು ಬಲ್ಲವನಾಗಿದ್ದ. ಜೌಗು ನೆಲದ ಒಂದು ಗಿಡವನ್ನು ತಿಂದರೆ ಈ ರೋಗ ತಗಲುತ್ತದೆಂದು ನಂಬಿದ್ದ. ಗಿಡದ ಮಾತು ತಪ್ಪು, ಜೌಗು ನೆಲದ ಮಾತು ಸರಿ!

ಐದು ಶತಮಾನ ಕಳೆದು 1879-80ರಲ್ಲಿ ಇಂಗ್ಲೆಂಡಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಸುಮಾರು 30 ಲಕ್ಷ ಕುರಿಗಳು ಈ ಹುಳುವಿಗೆ ಬಲಿಯಾದವು. ಅಲ್ಲಿಯ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯು ಹಣ ಒದಗಿಸಿ, ಕಾರಣ ಹುಡುಕುವ ಕೆಲಸವನ್ನು ಆಕ್ಸ್‌ಫರ್ಡಿನ ಎ.ಪಿ. ಥಾಮಸ್ ಎಂಬ ತರುಣನಿಗೆ ವಹಿಸಿತು. ಆಗ ಅವರ ವಯಸ್ಸು 23. ರೋಗ ಹಬ್ಬಿದ್ದ ಹುಲ್ಲುಗಾವಲುಗಳನ್ನು ಸುತ್ತಿ ಹುಡುಕಿದ ಥಾಮಸ್, ಕೊನೆಗೆ ಒಂದು ಸೆಂಟಿಮೀಟರಿನಷ್ಟೇ ಇರುವ ಬಸವನಹುಳುವೊಂದರಲ್ಲಿ ಅಪರಾಧಿಯ ಜಾಡು ಕಂಡರು. ಜರ್ಮನಿಯ ಲೈಪ್ಸಿಗ್‌ನಲ್ಲಿ ರುಡಾಲ್ಫ್ ಲ್ಯೂಕಾರ್ಟ್ ಅವರೂ ಅದೇ ಕಾಲಕ್ಕೆ ಸ್ವತಂತ್ರವಾಗಿ ಅದೇ ಬಸವನಹುಳುವನ್ನು ತಲುಪಿದ್ದರು.

ಹುಳುವಿನ ದಾರಿಯನ್ನು ಗಮನಿಸಿ. ಮೊಟ್ಟೆ ಕುರಿಯ ಹಿಕ್ಕೆಯೊಡನೆ ಹೊರಬೀಳುತ್ತದೆ. ನೀರಿನಲ್ಲಿ ಒಡೆದು ಹೊರಬಂದ ಮರಿ ಬಸವನಹುಳುವಿನ ಮೈಯೊಳಗೆ ನುಗ್ಗುತ್ತದೆ. ಅಲ್ಲಿ ಒಂದು ನೂರಾರಾಗಿ, ಮತ್ತೆ ನೀರಿಗಿಳಿದು, ಹುಲ್ಲಿನ ಗರಿಗೆ ಅಂಟಿ ಕೋಶ ಕಟ್ಟಿಕೊಂಡು ಕಾಯುತ್ತದೆ. ಕುರಿ ಆ ಹುಲ್ಲನ್ನು ಮೇಯುತ್ತದೆ. ನಮ್ಮ ಕೆರೆಯಂಗಳಗಳಲ್ಲಿಯೂ ಇದರ ಹತ್ತಿರದ ಬಂಧುವಾದ, ಇನ್ನೂ ದೊಡ್ಡದಾದ ಚಪ್ಪಟೆ ಹುಳು ಬೇರೊಂದು ಬಸವನಹುಳುವಿನ ಮೂಲಕ ಇದೇ ದಾರಿ ಹಿಡಿಯುತ್ತದೆ. ದಾರಿ ತಿಳಿದರೆ ಅಡ್ಡಗಟ್ಟಬಹುದು. ನೀರು ನಿಂತ ಕಡೆ ಮೇಯಿಸದಿರುವುದೇ ಒಂದು ಚಿಕಿತ್ಸೆ.

ಮದ್ದು ಯಾವುದು?

ಇನ್ನೊಂದು ಹುಳುವಿಗೆ ಬಸವನಹುಳುವಿನ ನೆರವೂ ಬೇಡ. ಅದರ ಹೆಸರು ಹೀಮಾಂಕಸ್. ವಾಸ ಕುರಿ ಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ, ಆಹಾರ ರಕ್ತ. ಒಂದು ಹುಳುವಿನಿಂದ ದಿನಕ್ಕೆ 0.05 ಮಿಲಿಲೀಟರ್ ರಕ್ತ ನಷ್ಟ. ಇಷ್ಟೇ ತಾನೆ ಎನ್ನಬೇಡಿ, ಲೆಕ್ಕ ಹಾಕಿ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. 30 ಕಿಲೋ ತೂಗುವ ಕುರಿಯ ಮೈಯಲ್ಲಿ ಇರುವುದೇ ಸುಮಾರು ಎರಡು ಲೀಟರ್ ರಕ್ತ. ಕುರಿ ಬಿಳಿಚಿಕೊಳ್ಳುತ್ತದೆ, ದವಡೆಯ ಕೆಳಗೆ ನೀರು ತುಂಬಿ ಬಾತುಕೊಳ್ಳುತ್ತದೆ, ಮಂದೆಯ ಹಿಂದೆ ಬೀಳುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮಳೆಗಾಲದ ಬೆಚ್ಚನೆಯ ತೇವದಲ್ಲಿ ವಾರದೊಳಗೆ ಅವು ಸೋಂಕು ತರಬಲ್ಲ ಮರಿಗಳಾಗುತ್ತವೆ.

ಹಳೆಯ ಕಾಲದ ಮದ್ದೆಂದರೆ ಮೈಲುತುತ್ತ. ಪ್ರಮಾಣ ಮೀರಿದರೆ ಹುಳುವಿನ ಜೊತೆಗೆ ಕುರಿಯೂ ಸಾಯುತ್ತಿತ್ತು. 1930ರ ದಶಕದ ಕೊನೆಯಲ್ಲಿ ಫಿನೋಥಯಜೀನ್ ಬಂತು. ಅದು ಸುರಕ್ಷಿತ ಎಂದು ಜನ ನಿಟ್ಟುಸಿರಿಟ್ಟರು. 1961ರಲ್ಲಿ ಥಯಬೆಂಡಜೋಲ್ ಬಂತು, 30 ಕಿಲೋ ಕುರಿಗೆ ಒಂದೂವರೆ ಗ್ರಾಂ ಸಾಕು. 1981ರಲ್ಲಿ ಐವರ್ಮೆಕ್ಟಿನ್ ಬಂದಾಗ ಆ ಪ್ರಮಾಣ ಆರು ಮಿಲಿಗ್ರಾಂಗೆ ಇಳಿಯಿತು. ಇದರ ಮೂಲ ಜಪಾನಿನ ಮಣ್ಣಿನ ಒಂದು ಸೂಕ್ಷ್ಮಜೀವಿ. ಅದನ್ನು ಹೆಕ್ಕಿದ ಸತೋಶಿ ಓಮುರ ಮತ್ತು ಅದರ ಗುಣವನ್ನು ಅರಿತ ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಫಿನೋಥಯಜೀನ್‌ಗೆ ಬಗ್ಗದ ಹುಳು 1957ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಕಂಡಿತು. ಥಯಬೆಂಡಜೋಲ್‌ಗೆ ಬಗ್ಗದ ಹುಳು ಕಾಣಿಸಿಕೊಳ್ಳಲು ಮೂರೇ ವರ್ಷ ಸಾಕಾಯಿತು. 1980ರ ದಶಕ ಮುಗಿಯುವ ಮೊದಲೇ ದಕ್ಷಿಣ ಆಫ್ರಿಕದಲ್ಲಿ ಐವರ್ಮೆಕ್ಟಿನ್ ಸೋತಿತು. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಮಾರುಕಟ್ಟೆಗೆ ಬಂದ ಮೊನೆಪಾಂಟೆಲ್‌ಗೆ ಬಗ್ಗದ ಹುಳುಗಳ ವರದಿ ಅದೇ ದೇಶದಿಂದ 2013ರಲ್ಲಿ ಬಂತು.

ಏಕೆ ಹೀಗೆ? ನೀವು ಪಾಠದಲ್ಲಿ ಓದಿದ ಡಾರ್ವಿನ್ ಇಲ್ಲಿ ನಮ್ಮ ಕಣ್ಣೆದುರಿಗೇ ಇದ್ದಾನೆ. ಮಂದೆಗೆಲ್ಲ ಒಂದೇ ದಿನ ಮದ್ದು ಕುಡಿಸಿದರೆ ಬದುಕುಳಿಯುವುದು ಮದ್ದಿಗೆ ಜಗ್ಗದ ಕೆಲವೇ ಹುಳುಗಳು. ಮುಂದಿನ ಪೀಳಿಗೆ ಅವುಗಳದೇ ಸಂತಾನ. ಮೇಕೆಯ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅದರ ದೇಹ ಹಲವು ಮದ್ದುಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಅಳತೆಯಲ್ಲೇ ಮೇಕೆಗೂ ಕೊಟ್ಟರೆ ಹುಳು ಸಾಯುವುದಿಲ್ಲ, ಮದ್ದನ್ನು ತಾಳಿಕೊಳ್ಳುವ ಹುಳುಗಳಷ್ಟೇ ಆಯ್ಕೆಯಾಗುತ್ತವೆ.

ಯಾವ ಕುರಿಗೆ?

ಮದ್ದುಗಳೆಲ್ಲ ಕೈಕೊಡತೊಡಗಿದ ದಕ್ಷಿಣ ಆಫ್ರಿಕದಲ್ಲೇ ಮೂರನೆಯ ಪ್ರಶ್ನೆ ಎದ್ದಿತು. 1990ರ ದಶಕದಲ್ಲಿ ಅಲ್ಲಿಯ ಪಶುವೈದ್ಯ ಫಾಫಾ ಮಲಾನ್ ಕುರಿಯ ಕೆಳರೆಪ್ಪೆಯನ್ನು ಸರಿಸಿ ಒಳಗಿನ ಬಣ್ಣ ನೋಡಿದರು. ರಕ್ತವಿದ್ದರೆ ಕೆಂಪು, ಹುಳು ಹೀರಿದ್ದರೆ ಬಿಳುಪು. ಕಡುಕೆಂಪಿನಿಂದ ಬಿಳುಪಿನವರೆಗೆ ಐದು ಬಣ್ಣಗಳನ್ನು ಮುದ್ರಿಸಿದ ಒಂದು ಪಟ ಸಿದ್ಧವಾಯಿತು. ಅದರ ಹೆಸರು ಫಮಾಚಾ. ಮಲಾನರ ಹೆಸರಿನ ಅಕ್ಷರಗಳೇ ಅದರಲ್ಲಿವೆ. ಬಣ್ಣ ಕೊನೆಯ ಎರಡು ಮನೆಗಳಲ್ಲಿದ್ದರೆ ಮದ್ದು, ಮೊದಲ ಎರಡರಲ್ಲಿದ್ದರೆ ಬೇಡ.

ಹಾಗೆ ನೋಡಿದಾಗ ಮಂದೆಯ ಬಹುಪಾಲು ಕುರಿಗಳಿಗೆ ಮದ್ದೇ ಬೇಡವಾಗಿತ್ತು! ಹೆಚ್ಚಿನ ಹುಳುಗಳನ್ನು ಹೊತ್ತಿದ್ದುದು ಕೆಲವೇ ಕುರಿಗಳು. ಮದ್ದು ಕುಡಿಯದ ಕುರಿಗಳ ಹೊಟ್ಟೆಯಲ್ಲಿ ಮದ್ದಿಗೆ ಬಗ್ಗುವ ಹುಳುಗಳು ಉಳಿಯುತ್ತವೆ. ಅವು ಬಗ್ಗದ ಹುಳುಗಳೊಡನೆ ಬೆರೆತು ಮದ್ದಿನ ಆಯುಷ್ಯವನ್ನು ಹೆಚ್ಚಿಸುತ್ತವೆ. ಹುಳುವನ್ನು ನಿರ್ಮೂಲ ಮಾಡಲು ಹೊರಟವರು ಕೊನೆಗೆ ಕೆಲವು ಹುಳುಗಳನ್ನು ಬೇಕೆಂದೇ ಉಳಿಸಲು ಕಲಿತರು.

ಒಂದು ಎಚ್ಚರಿಕೆ ಇದೆ. ರೆಪ್ಪೆಯ ಬಣ್ಣ ಹೇಳುವುದು ರಕ್ತದ ನಷ್ಟವನ್ನು ಮಾತ್ರ. ರಕ್ತ ಹೀರದ ಹುಳುಗಳ ವಿಷಯದಲ್ಲಿ ಅದು ಮೌನ. ಅದಕ್ಕೆ ಹಿಕ್ಕೆಯ ಪರೀಕ್ಷೆಯೇ ಬೇಕು. ಸಿಡ್ನಿಯ ಮೆಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ಗಾರ್ಡನ್ ಮತ್ತು ವಿಟ್ಲಾಕ್ 1939ರಲ್ಲಿ ವಿವರಿಸಿದ, ಗಾಜಿನ ಪಟ್ಟಿಯ ಮೇಲೆ ಮೊಟ್ಟೆ ಎಣಿಸುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ನಿಮ್ಮ ಕಾಲೇಜಿನಲ್ಲಿರುವಂಥ ಸಾಧಾರಣ ಸೂಕ್ಷ್ಮದರ್ಶಕ ಅದಕ್ಕೆ ಸಾಕು.

ನಿಮ್ಮ ಮನೆಯಲ್ಲಿ ಕುರಿ ಮೇಕೆಗಳಿದ್ದರೆ, ಅಂಗಡಿಯಿಂದ ಜಂತುಹುಳುವಿನ ಔಷಧಿ ತರುವ ಮೊದಲು ಒಂದು ಹಿಡಿ ತಾಜಾ ಹಿಕ್ಕೆಯನ್ನು ಪೊಟ್ಟಣ ಕಟ್ಟಿ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಯಾವ ಹುಳು, ಎಷ್ಟು ಮೊಟ್ಟೆ ಎಂದು ಕೇಳಿರಿ. ಮದ್ದು ಕೊಟ್ಟ ಹತ್ತು ಹದಿನಾಲ್ಕು ದಿನಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿರಿ. ಮೊಟ್ಟೆಗಳ ಸಂಖ್ಯೆ ಇಳಿಯದಿದ್ದರೆ ಆ ಮದ್ದು ನಿಮ್ಮ ಕೊಟ್ಟಿಗೆಯಲ್ಲಿ ಸೋತಿದೆಯೇ ಎಂದು ವೈದ್ಯರೊಡನೆ ವಿಚಾರಿಸಬೇಕಾದ ಹೊತ್ತು ಅದು.