ಓಡಿಸಿದವನ ಹೆಸರು

ಅಜ್ಜನ ಮನೆಯ ಕಂಬಳಗದ್ದೆಯಲ್ಲಿ ಓಡುತ್ತಿದ್ದ ಕೋಣಗಳ ಹೆಸರು ಕುಟ್ಟಿ ಮತ್ತು ಬೊಳ್ಳ. ಅವುಗಳ ಕೊಂಬಿನ ಬಾಗು ಕೂಡ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವನ್ನು ಓಡಿಸುತ್ತಿದ್ದ ಒಕ್ಕಲಿನ ಹುಡುಗನ ಹೆಸರು ಮಾತ್ರ ಮರೆತಿದೆ. ಅಮ್ಮನನ್ನು ಕೇಳಿದರೆ, "ಎಂತದೋ ಇತ್ತು ಮಾರಾಯ" ಎಂದರು. ಗೆದ್ದಾಗ ಸಿಗುತ್ತಿದ್ದದ್ದು ತೆಂಗಿನಕಾಯಿ, ಬಾಳೆಗೊನೆ. ಅದೂ ಬಂದು ಬೀಳುತ್ತಿದ್ದದ್ದು ನಮ್ಮ ಚಾವಡಿಗೆ.

ದಕ್ಷಿಣ ಕನ್ನಡ, ಉಡುಪಿ ಕಡೆಯ ಹಳೆಯ ಕಂಬಳ ಪಂದ್ಯವಾಗಿರಲಿಲ್ಲ. ಏಣೆಲು ಕೊಯ್ಲಾದ ಮೇಲೆ ದೈವದ ಹೆಸರಲ್ಲಿ ಗದ್ದೆಗೆ ಕೋಣ ಇಳಿಸುವ ಕಟ್ಟುಕಟ್ಟಳೆ ಅದು. ಆ ಕಟ್ಟಳೆಯನ್ನು ನೆನೆದು ಹಾತೊರೆಯುವವರು ಇನ್ನೊಂದನ್ನೂ ನೆನೆಯಬೇಕು: ಕೋಣಗಳಿಗಿಂತ ಮುಂಚೆ ಕೊರಗರನ್ನು ಆ ಕೆಸರಿನಲ್ಲಿ ಓಡಿಸುತ್ತಿದ್ದರು. ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ.

1970ರ ಸುಮಾರಿಗೆ ಬಜಗೋಳಿಯಲ್ಲಿ ಲವ-ಕುಶ ಜೋಡುಕರೆ ಶುರುವಾಯಿತು. ಎರಡು ಕರೆ, ಎರಡು ಜೋಡಿ, ಒಟ್ಟಿಗೆ ಓಟ. ಸೋಲು-ಗೆಲುವು ಕಣ್ಣೆದುರೇ. ಅಷ್ಟರಲ್ಲಿ 1974ರ ಭೂಸುಧಾರಣೆ ಬಂತು. ಒಕ್ಕಲು ಗದ್ದೆಯ ಒಡೆಯನಾದ, ನಮ್ಮ ಮನೆಯ ಕಂಬಳ ನಿಂತಿತು. ಅಜ್ಜ ಬಹಳ ನೊಂದುಕೊಂಡರು. ನೊಂದುಕೊಳ್ಳಲು ಆ ಹುಡುಗನಿಗೇನೂ ಕಾರಣವಿರಲಿಕ್ಕಿಲ್ಲ.

ಆಮೇಲಿನದು ಸಮಿತಿಗಳ ಕಾಲ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಹಗ್ಗ-ನೇಗಿಲಿನಲ್ಲಿ ಹಿರಿಯ, ಕಿರಿಯ ಬೇರೆ. ಬಾಳೆಗೊನೆಯ ಜಾಗದಲ್ಲಿ ಚಿನ್ನ. ಕೊನೆಗೆ ಗಡಿಯಾರ ಬಂತು, ಲೇಸರ್ ಬಂತು. ಕೋಣಗಳ ಪರವಾಗಿ ಕೋರ್ಟಿನಲ್ಲಿ ವಾದವೂ ಆಯಿತು. 2014ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ಸಂಕಟ ಬಂತು, 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಆ ತಿದ್ದುಪಡಿಯನ್ನು ಅದೇ ಕೋರ್ಟು ಎತ್ತಿಹಿಡಿಯಿತು. ಬೆತ್ತದ ಏಟು ಕಂಡು ಬೆಳೆದ ನನಗೆ ಆ ವಾದ ಅಧಿಕಪ್ರಸಂಗವೆಂದು ಎಂದೂ ಅನಿಸಿಲ್ಲ.

ಗಡಿಯಾರ ಬಂದದ್ದನ್ನು ಹಳಬರು ಹಳಿಯುತ್ತಾರೆ. ನಾನು ಹಳಿಯಲಾರೆ. ಸೆಕೆಂಡು ಬರೆದಿಟ್ಟರೆ ಪಕ್ಕದಲ್ಲಿ ಓಡಿದವನ ಹೆಸರನ್ನೂ ಬರೆಯಬೇಕಾಗುತ್ತದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಪತ್ರಿಕೆಗಳು ಭಾಗಿಸಿ, ನೂರು ಮೀಟರಿಗೆ 9.55 ಎಂದು ಬೋಲ್ಟ್ ಜತೆಗಿಟ್ಟು ತೂಗಿದವು. ಎಳೆಯುವ ಕೋಣಗಳಿದ್ದಾಗ ಅದು ಕೂಡದ ಲೆಕ್ಕ. ಓಟದ ಪರೀಕ್ಷೆಗೆ ಕರೆ ಬಂದಾಗ ಅವರು ಒಪ್ಪಲಿಲ್ಲ. ಕೆಸರಿನಲ್ಲಿ ಹಿಮ್ಮಡಿಯ ಓಟ, ಟ್ರ್ಯಾಕಿನಲ್ಲಿ ಬೆರಳ ತುದಿಯದು ಎಂದರು. ತನ್ನ ಆಟ ಬಲ್ಲವನ ಮಾತು.

ಆ ಸುದ್ದಿ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅಮ್ಮ ಕನ್ನಡಕ ಏರಿಸಿ ನೋಡಿ ಕೇಳಿದರು:

"ಕೋಣ ಯಾರ ಮನೆಯದ್ದು?"