ಟೊಂಕನೋವು: ಬರೆಯಿಂದ ಬ್ಯಾಟರಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸೊಂಟದ ನೋವಿಗೆ ‘ಟೊಂಕ ಹಿಡಿಯುವುದು’ ಎನ್ನುತ್ತಾರೆ. ಘಟಪ್ರಭೆ, ಹಿರಣ್ಯಕೇಶಿಯ ನೀರುಂಡು ಕಬ್ಬು ಬೆಳೆಯುವ ನಾಡಿದು. ಕಬ್ಬಿನ ಬುಡದಲ್ಲೇ ಸಿಹಿ ಹೆಚ್ಚು. ಅದು ಹೊಲದಲ್ಲಿ ಉಳಿಯಬಾರದೆಂದರೆ ಕಡಿಯುವವರು ನೆಲಮಟ್ಟಕ್ಕೆ ಬಾಗಿ ಕೊಯ್ತಾ ಹಾಕಬೇಕು. ಕಡಿದದ್ದನ್ನು ಸಿವುಡು ಕಟ್ಟಿ, ತಲೆಯ ಮೇಲೆ ಹೊತ್ತು, ಇಕ್ಕಟ್ಟಾದ ಹಲಗೆ ಏರಿ ಟ್ರೇಲರಿಗೆ ಹೇರಬೇಕು. ಹಂಗಾಮು ಮುಗಿಯುವಷ್ಟರಲ್ಲಿ ಟೊಂಕ ಹಿಡಿಯದವರೇ ಕಡಿಮೆ.

ಇದಕ್ಕೆ ಮನೆಮದ್ದುಗಳು ಹಳೆಯವು. ಎಣ್ಣೆ ತಿಕ್ಕುವುದು, ಲಕ್ಕಿ ಎಲೆ ಕುದಿಸಿದ ನೀರು ಹಾಕುವುದು, ಉಪ್ಪಿನ ಗಂಟಿನಿಂದ ಕಾವು ಕೊಡುವುದು ಇವೆಲ್ಲ ಇದ್ದವು. ಯಾವುದಕ್ಕೂ ಬಗ್ಗದ ನೋವಿಗೆ ಬರೆ. ಕಾದ ಕಬ್ಬಿಣದ ಬರೆ ಚರ್ಮ ಸುಟ್ಟು ಹುಣ್ಣು ಮಾಡುತ್ತಿತ್ತೇ ಹೊರತು ಬೆನ್ನಿನ ಒಳಗಿನ ದೋಷವನ್ನು ಮುಟ್ಟುತ್ತಿರಲಿಲ್ಲ. ಆದರೂ ಅದನ್ನು ಹಾಕಿಸಿಕೊಂಡವರು ಕೆಲಹೊತ್ತು ನೋವು ಮರೆತದ್ದು ಸುಳ್ಳಲ್ಲ. ಒಂದು ನೋವು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ. ಪೆಟ್ಟು ಬಿದ್ದ ಜಾಗವನ್ನು ಕೈ ತಾನಾಗಿಯೇ ಉಜ್ಜುವುದೂ ನೋವು ತಗ್ಗಿಸಲೆಂದೇ.

ಉಜ್ಜಿದರೆ ನೋವು ತಗ್ಗುವ ಕಾರಣವನ್ನು 1965ರಲ್ಲಿ ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ವಿವರಿಸಿದರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂದುಕೊಳ್ಳಬಹುದು. ಸ್ಪರ್ಶ ಒಯ್ಯುವ ದಪ್ಪ ನರಗಳು ಚುರುಕಾದರೆ ನೋವು ಒಯ್ಯುವ ಸಣ್ಣ ನರಗಳ ಪಾಲಿಗೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಗಿದ್ದರೆ ದಪ್ಪ ನರಗಳನ್ನು ವಿದ್ಯುತ್ತಿನಿಂದಲೇ ಎಬ್ಬಿಸಬಹುದಲ್ಲ? ನೋವಿಗೆ ವಿದ್ಯುತ್ತು ಹೊಸದೇನೂ ಅಲ್ಲ. ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಕ್ರಿ.ಶ. ಮೊದಲನೇ ಶತಮಾನದಲ್ಲೇ ತಲೆನೋವಿಗೆ ವಿದ್ಯುತ್ ಮೀನನ್ನು ಹೇಳಿದ್ದ. 1967ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ನಾರ್ಮನ್ ಶೀಲಿ ಕ್ಯಾನ್ಸರಿನ ನೋವಿನಿಂದ ನರಳುತ್ತಿದ್ದ ಒಬ್ಬ ರೋಗಿಯ ಬೆನ್ನುಹುರಿಯ ಮೇಲೆ ಮೊದಲ ಬಾರಿಗೆ ವಿದ್ಯುತ್ ಮಿಡಿಸುವ ಸಾಧನ ಕೂರಿಸಿದರು. ಅಲ್ಲಿ ವಿದ್ಯುತ್ತು ಬೆನ್ನುಹುರಿಯನ್ನೇ ಮುಟ್ಟಿದರೆ, ಇಲ್ಲಿ ಹಳ್ಳಿಗಳಿಗೆ ಕರೆಂಟು ಮುಟ್ಟಿಸಲು ಎರಡು ವರ್ಷದ ಬಳಿಕ, 1969ರಲ್ಲಿ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಗೋಕಾಕ ಫಾಲ್ಸ್‌ನ ನೀರು 1887ರಿಂದಲೇ ಗಿರಣಿಗೆ ಬಲ ಕೊಡುತ್ತಿದ್ದರೂ, ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಆಗಿನ್ನೂ ಕಂದೀಲೇ ಬೆಳಕು.

ಸಾಧನದ ಅಂಗಗಳು ಎರಡು. ಬೆನ್ನುಹುರಿಯ ಹೊರಪೊರೆಗೂ ಮೂಳೆಗೂ ನಡುವಿನ ಸಂದಿಯಲ್ಲಿ ಎಲೆಕ್ಟ್ರೋಡ್ ಇರುವ ಸಣ್ಣ ತಂತಿ. ಪೃಷ್ಠದ ಅಥವಾ ಹೊಟ್ಟೆಯ ಚರ್ಮದಡಿ, ಪೇಸ್‌ಮೇಕರಿನಂತೆ, ಬ್ಯಾಟರಿಯ ಪೆಟ್ಟಿಗೆ. ಮೊದಲು ಕೆಲವು ದಿನ ತಂತಿಯನ್ನಷ್ಟೇ ಒಳಗಿಟ್ಟು, ಹೊರಗಿನ ಯಂತ್ರದಿಂದ ಪರೀಕ್ಷಿಸುತ್ತಾರೆ. ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಪೆಟ್ಟಿಗೆ ಕೂರಿಸುವುದು ರೂಢಿ. ಹಳೆಯ ಸಾಧನಗಳಲ್ಲಿ ನೋವಿನ ಜಾಗವೆಲ್ಲ ಜುಮ್ಮೆನ್ನುತ್ತಿತ್ತು. ಸೆಕೆಂಡಿಗೆ 10,000 ಸಲ ಮಿಡಿಯುವ ಹೊಸ ಬಗೆಯಲ್ಲಿ ಆ ಜುಮ್ಮು ಇಲ್ಲ. ತಂತಿ ಜರುಗುವುದು, ಕೀವಾಗುವುದು, ಬ್ಯಾಟರಿ ಬದಲಿಸಲು ಮತ್ತೆ ಶಸ್ತ್ರಚಿಕಿತ್ಸೆ ಆಗುವುದು ಇದರ ತೊಡಕುಗಳು.

ಶೀಲಿಯವರ ಕೆಲಸದಿಂದಲೇ ಬೆಳೆದ ಇನ್ನೊಂದು ಕವಲು ಟೆನ್ಸ್. ಫಿಸಿಯೋಥೆರಪಿಯವರು ಚರ್ಮಕ್ಕೆ ಪಟ್ಟಿ ಅಂಟಿಸಿ ಕೊಡುವ ‘ಕರೆಂಟು’ ಅದು. ಒಳಗೆ ಕೂರಿಸುವ ಸಾಧನಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು. ಕಬ್ಬು ಕಡಿಯುವವರ ಕೈಗೆ ಅದು ಎಟುಕದು.

ಎಟುಕಿದರೂ ಎಲ್ಲರಿಗೂ ಒಗ್ಗುವ ಮದ್ದಲ್ಲ. ನಾರ್ವೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯ ಬಳಿಕವೂ ಕಾಲಿಗಿಳಿಯುವ ನೋವು ಉಳಿದಿದ್ದ 50 ಮಂದಿಗೆ ಒಂದು ಬಗೆಯ ಮಿಡಿತವನ್ನು ಕೊಟ್ಟು ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸಾಧನ ಚಾಲೂ ಇದ್ದಾಗಲೂ ಬಂದ್ ಇದ್ದಾಗಲೂ ಅವರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಿಶೀಲನೆಯೂ ಸೊಂಟನೋವಿಗೆ ಇದರ ದೀರ್ಘಕಾಲದ ಲಾಭವನ್ನು ಒಪ್ಪಲಿಲ್ಲ. ಬರೆಯಂತೆ ಬ್ಯಾಟರಿಯೂ ನೋವಿನ ಸುದ್ದಿಯನ್ನು ತಡೆಯಬಲ್ಲದು, ಸವೆದ ಮಣಿಯನ್ನು ಸರಿಪಡಿಸಲಾರದು.

ಬಹುಪಾಲು ಟೊಂಕನೋವು ಓಡಾಟ, ವ್ಯಾಯಾಮ, ಹೊರೆಯ ಇಳಿಕೆಯಿಂದಲೇ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಬರೆಗೂ ಎಣ್ಣೆಗೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.