ದಿಂಡಿಗಲ್ಲಿನಲ್ಲಿ ಹೈದರ್ ಕಲಿತ ಪಾಠ

"ಸಿಂಹಾಸನದ ಮೇಲೆ ಒಡೆಯರು ಇದ್ದರಲ್ಲ ಸಾರ್, ಮತ್ತೆ ಹೈದರ್ ಅಲಿ ಆಳಿದ್ದು ಹೇಗೆ?" ಸಮಾಜ ಪಾಠದಲ್ಲಿ ಮಕ್ಕಳು ಕೇಳುವ ಪ್ರಶ್ನೆ ಇದು. ಉತ್ತರ ಹುಡುಕಲು ಗಡಿ ದಾಟಿ ದಿಂಡಿಗಲ್ಲಿಗೆ ಬರಬೇಕು.

ಇಲ್ಲಿನ ಬಂಡೆಯ ಮೇಲಿನ ಕೋಟೆಯನ್ನು ಕಟ್ಟಿಸಿದವರು ಮಧುರೆಯ ನಾಯಕರು. 18ನೇ ಶತಮಾನದ ನಡುವೆ ಅದು ಮೈಸೂರಿನ ವಶದಲ್ಲಿತ್ತು. ಈಗಿನ ತೇನಿ ಜಿಲ್ಲೆಯ ಕಂಬಂ ಕಣಿವೆಯ ಪಾಳೆಯಗಳೂ ಈ ಸೀಮೆಗೇ ಸೇರಿದ್ದವು. ಪಾಳೆಯಗಾರರನ್ನು ಹತೋಟಿಯಲ್ಲಿಡಲು 1755ರಲ್ಲಿ ಹೈದರ್ ಇಲ್ಲಿಗೆ ಫೌಜುದಾರನಾಗಿ ಬಂದ. ಕಂದಾಯ ವಸೂಲಿಯೂ ಸೈನ್ಯವೂ ಒಬ್ಬನ ಕೈಗೇ ಸಿಕ್ಕವು. ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಆಯುಧಶಾಲೆ ಮಾಡಿದ. ಓದು ಬರಹ ಬಾರದ ಅವನಿಗೆ ಲೆಕ್ಕಪತ್ರ ನೋಡಲು ಖಂಡೇರಾಯನಿದ್ದ. ಗಾಯಗೊಳ್ಳದ ಸೈನಿಕರಿಗೂ ಅರಿಸಿನದ ಬಟ್ಟೆ ಕಟ್ಟಿಸಿ ಸರ್ಕಾರದಿಂದ ಭತ್ಯೆ ಪಡೆದನೆಂದು ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಇಂಗ್ಲಿಷ್ ಅಧಿಕಾರಿ, ಆದ್ದರಿಂದ ಈ ಕತೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು.

ಅತ್ತ ಶ್ರೀರಂಗಪಟ್ಟಣದಲ್ಲಿ ಬೊಕ್ಕಸ ಬರಿದಾಗಿತ್ತು. ಸರ್ವಾಧಿಕಾರಿ ನಂಜರಾಜಯ್ಯ ತಿರುಚಿನಾಪಳ್ಳಿಯ ಯುದ್ಧಕ್ಕೆ ಹಣ ಸುರಿದಿದ್ದ. ಮರಾಠರಿಗೂ ಕಪ್ಪ ಕೊಡಬೇಕಿತ್ತು. 1758ರ ಹೊತ್ತಿಗೆ ಸಂಬಳ ಸಿಗದ ಸೈನಿಕರು ಅವನ ಮನೆ ಬಾಗಿಲಲ್ಲಿ ಧರಣಿ ಕೂತರು. ಬಾಕಿ ತೀರಿಸಿದವನು ಹೈದರ್. ಅಂದಿನಿಂದ ಸೈನ್ಯದ ಖರ್ಚಿಗೆಂದು ಒಂದೊಂದೇ ಸೀಮೆಯ ಕಂದಾಯ ಅವನ ಕೈ ಸೇರಿತು. ಸಂಬಳ ಕೊಡುವವನೇ ಕಂದಾಯವನ್ನೂ ಎತ್ತತೊಡಗಿದ ಮೇಲೆ ಅರಮನೆಗೆ ಉಳಿದದ್ದೇನು? ಇದನ್ನು ತಡವಾಗಿ ಅರಿತು 1760ರಲ್ಲಿ ಅರಮನೆಯವರು ಖಂಡೇರಾಯನ ಜೊತೆ ಸೇರಿ ಹೈದರನನ್ನು ಓಡಿಸಿದರು. ಅವನು ಬೆಂಗಳೂರಿಗೆ ಹೋಗಿ ಮತ್ತೆ ಸೈನ್ಯ ಕಟ್ಟಿಕೊಂಡು 1761ರಲ್ಲಿ ರಾಜಧಾನಿಯನ್ನು ಹಿಡಿದ.

ಗಮನಿಸಿ, ಅವನು ಸಿಂಹಾಸನ ಏರಲಿಲ್ಲ. ದಸರೆಯಲ್ಲಿ ಒಡೆಯರ ದರ್ಶನ ಎಂದಿನಂತೆ ನಡೆಯಿತು. ಜನರಿಗೆ ಅರಸ ಕಾಣಬೇಕಿತ್ತು, ಕಾಣಿಸಿದ. 1796ರಲ್ಲಿ ಖಾಸಾ ಚಾಮರಾಜರು ತೀರಿಕೊಂಡಾಗ ಟಿಪ್ಪು ಬೇರೊಬ್ಬ ಅರಸನನ್ನು ಕೂರಿಸಲಿಲ್ಲ. ಆ ಪರದೆಯೂ ಬೇಡವಾಗಿತ್ತು.

ಹೈದರನ ಶೌರ್ಯ, ಇಂಗ್ಲಿಷರ ವಿರುದ್ಧದ ಅವನ ಯುದ್ಧಗಳು ಸಣ್ಣವಲ್ಲ. ಆದರೆ ಸೈನ್ಯ ರಾಜ್ಯವನ್ನು ಹಿಡಿಯುವ ದಾರಿ ಇಂದಿಗೂ ಅದೇ. ಪಾಕಿಸ್ತಾನದಲ್ಲಿ 1958ರಲ್ಲಿ ಸೇನಾಪತಿ ಅಯೂಬ್ ಖಾನ್ ಅಧಿಕಾರ ಹಿಡಿದರು. ಅಲ್ಲಿ ಸೈನ್ಯದ ನಂಟಿನ ದೊಡ್ಡ ದೊಡ್ಡ ಉದ್ಯಮಗಳೇ ಇವೆ. ಮ್ಯಾನ್ಮಾರಿನಲ್ಲಿ 2008ರ ಸಂವಿಧಾನ ಸಂಸತ್ತಿನ ಶೇ. 25 ಸ್ಥಾನಗಳನ್ನು ಸೈನ್ಯಕ್ಕೆ ಕೊಟ್ಟಿತು. ಅಷ್ಟೂ ಸಾಲದೆ 2021ರಲ್ಲಿ ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು.

ನಮ್ಮಲ್ಲಿ ಸೈನಿಕರ ಸಂಬಳಕ್ಕೆ ಪ್ರತಿ ವರ್ಷ ಸಂಸತ್ತು ಒಪ್ಪಿಗೆ ಕೊಡಬೇಕು. ಪೌರನೀತಿ ಪುಸ್ತಕದಲ್ಲಿ ಇದು ಸಪ್ಪೆ ವಾಕ್ಯ. ಹೈದರನ ಪಾಠದ ಜೊತೆ ಓದಿಸಿದರೆ ಅದರ ಬೆಲೆ ಮಕ್ಕಳಿಗೆ ತಿಳಿಯುತ್ತದೆ.